ಪಾಪ, ಮುದ್ದೆ ಏನು ಮಾಡ್ತು? ಅಮ್ಮನ ಹೊಟ್ಟೆಯ ಹಿಂದಿರೋ ಹಾರ್ಮೋನ್ ಕಥೆ

ನಮ್ಮೂರು ಮಾಲೂರು ತಾಲ್ಲೂಕಿನ ಮಾಸ್ತಿ. ಹೌದು, ಮಾಸ್ತಿ ವೆಂಕಟೇಶ ಅಯ್ಯಂಗಾರರ ಹೆಸರಿನಲ್ಲಿರೋ ಅದೇ ಮಾಸ್ತಿ. ವಾರವೆಲ್ಲ ಬೆಂಗಳೂರಲ್ಲಿ ದುಡಿದು ಊರಿಗೆ ಹೋದರೆ, ಈಗೀಗ ಅಮ್ಮನದು ಒಂದೇ ಮಾತು: "ಅದೇ ಮುದ್ದೆ, ಅದೇ ಸೊಪ್ಪಿನ ಸಾರು, ಅದೇ ಹಸುಗಳ ಕೆಲಸ. ಹೊಟ್ಟೆ ಮಾತ್ರ ಯಾಕೆ ಮುಂದಕ್ಕೆ ಬರ್ತಾ ಐತೆ ಕಣಮ್ಮಾ?" ಅಮ್ಮನಿಗೆ 49. ಮುಟ್ಟು ನಿಂತು ವರ್ಷವಾಗಿದೆ. ಮನೆಗೆ ಬಂದವರೆಲ್ಲ "ಮುದ್ದೆ ಬಿಟ್ಬಿಡಿ" ಅಂತಾರೆ.

ಅಮ್ಮನ ಪ್ರಶ್ನೆಗೆ ಉತ್ತರದ ದೊಡ್ಡ ಪಾಲು ತಟ್ಟೆಯಲ್ಲಿಲ್ಲ, ಈಸ್ಟ್ರೋಜೆನ್ ಎಂಬ ಹಾರ್ಮೋನಿನಲ್ಲಿದೆ. ಮುಟ್ಟು, ಬಸಿರಿಗೆ ಮಾತ್ರ ಸಂಬಂಧಿಸಿದ್ದು ಅಂತ ನಾವಂದುಕೊಂಡಿರುವ ಈ ಹಾರ್ಮೋನ್, ಕೊಬ್ಬನ್ನು ಎಲ್ಲಿ ಕೂಡಿಡಬೇಕು, ಯಾವಾಗ ಬಿಡಬೇಕು ಅನ್ನುವ ಲೆಕ್ಕವನ್ನೂ ನೋಡಿಕೊಳ್ಳುತ್ತೆ.

ನಮ್ಮ ಬಯಲುಸೀಮೆಯಲ್ಲಿ ಹಿಂದೆ ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ನೆಲದಡಿಯ ಆ ಗುಂಡಿಯನ್ನು ಕಷ್ಟಕಾಲಕ್ಕೆ ಮಾತ್ರ ತೆಗೆಯುತ್ತಿದ್ದರು. ಹೆಣ್ಣಿನ ತೊಡೆ, ನಿತಂಬದ ಕೊಬ್ಬು ಅಂಥದ್ದೇ ಹಗೇವು. ಕೊಬ್ಬಿನ ಕೋಶಗಳ ಮೇಲೆ ಈಸ್ಟ್ರೋಜೆನ್ ಬಂದು ಕೂರುವ ಗ್ರಾಹಕಗಳಿವೆ. ಚರ್ಮದಡಿಯ ಕೋಶಗಳಲ್ಲಿ ಅದು ಕೊಬ್ಬು ಸುಲಭವಾಗಿ ಕರಗದಂತೆ ಬೀಗ ಹಾಕುತ್ತೆ, ಹೊಟ್ಟೆಯೊಳಗೆ ಕೊಬ್ಬು ಸೇರುವುದನ್ನು ತಗ್ಗಿಸುತ್ತೆ. ಮಗುವಿಗೆ ಹಾಲೂಡಿಸುವ ತಿಂಗಳುಗಳಲ್ಲಿ ಈ ಹಗೇವಿನ ಬಾಗಿಲು ತೆರೆಯುತ್ತೆ. ಆಗ ತೊಡೆಯ ಕೊಬ್ಬು ಕರಗುತ್ತೆ.

ಮುಟ್ಟು ನಿಂತಾಗ ಅಂಡಾಶಯದಿಂದ ಬರುವ ಈಸ್ಟ್ರೋಜೆನ್ ಬಹುಮಟ್ಟಿಗೆ ನಿಂತುಹೋಗುತ್ತೆ. ಕೊಬ್ಬಿನ ಕೋಶಗಳೇ ಅರೋಮಟೇಸ್ ಎಂಬ ಕಿಣ್ವದಿಂದ ಸ್ವಲ್ಪ ತಯಾರಿಸಿಕೊಳ್ಳುತ್ತವೆ ನಿಜ, ಆದರೆ ಅದು ದುರ್ಬಲ ಬಗೆಯದು. ಯಜಮಾನಿ ಇಲ್ಲದ ಮನೆಯಂತೆ, ಹಗೇವಿಗೆ ಹೋಗಬೇಕಾದ ರಾಗಿ ನಡುಮನೆಯಲ್ಲೇ ರಾಶಿ ಬೀಳುತ್ತೆ. ಅಂದರೆ ಕರುಳು, ಯಕೃತ್ತಿನ ಸುತ್ತ ಕೊಬ್ಬು ಸೇರುತ್ತೆ. ಅಲ್ಲಿಂದ ಬಿಡುಗಡೆಯಾಗುವ ಕೊಬ್ಬಿನಾಮ್ಲ ನೇರ ಯಕೃತ್ತಿಗೆ ಹರಿಯುತ್ತೆ, ಇನ್ಸುಲಿನ್ ಮಾತು ದೇಹ ಕೇಳದಂತಾಗುತ್ತೆ. ಶುಗರ್, ಬಿಪಿ ಮನೆಗೆ ಬರೋದು ಹೀಗೆ. ವಯಸ್ಸಿನ ಜೊತೆ ಸ್ನಾಯು ಕರಗುವುದೂ ಇದಕ್ಕೆ ಸೇರಿಕೊಳ್ಳುತ್ತೆ.

"ತಿನ್ನೋದು ಜಾಸ್ತಿ ಆಗಿಲ್ಲ" ಅನ್ನುವ ಅಮ್ಮಂದಿರ ಮಾತಿಗೆ ಪ್ರಯೋಗಾಲಯದ ಸಾಕ್ಷಿಯೂ ಇದೆ. 2000ದಲ್ಲಿ ಅಮೆರಿಕದ ವಿಜ್ಞಾನಿಗಳು ಈಸ್ಟ್ರೋಜೆನ್‌ನ ಆಲ್ಫಾ ಗ್ರಾಹಕವೇ ಇಲ್ಲದ ಇಲಿಗಳ ಬಗ್ಗೆ ವರದಿ ಮಾಡಿದರು. ಅವುಗಳಲ್ಲಿ ಹೆಣ್ಣು ಗಂಡು ಎರಡಕ್ಕೂ ಕೊಬ್ಬು ಹೆಚ್ಚಿತ್ತು. ಗಂಡು ಇಲಿಗಳು ಜಾಸ್ತಿ ತಿಂದಿರಲಿಲ್ಲ, ದೇಹ ಖರ್ಚು ಮಾಡುವ ಶಕ್ತಿಯೇ ಇಳಿದಿತ್ತು.

ಇದು ಬರೀ ಅಮ್ಮಂದಿರ ವಿಷಯ ಅಂದುಕೊಳ್ಳಬೇಡಿ. ನಮ್ಮ ಚಿಕ್ಕಮ್ಮನಿಗೆ 36. ಬಿಳಿಮುಟ್ಟು, ಅತಿ ರಕ್ತಸ್ರಾವ ಅಂತ ಹೋದಾಗ ಒಂದು ಖಾಸಗಿ ಆಸ್ಪತ್ರೆಯಲ್ಲಿ "ಮಕ್ಕಳಾಗಿದಾವಲ್ಲ, ಗರ್ಭಕೋಶ ತೆಗೆಸಿಬಿಡಿ" ಅಂದರು. ಬೇರೆ ವೈದ್ಯರ ಹತ್ತಿರ ಕರೆದುಕೊಂಡು ಹೋದೆವು, ಮಾತ್ರೆಯಲ್ಲೇ ಹತೋಟಿಗೆ ಬಂತು. ಎಲ್ಲರಿಗೂ ಹಾಗಾಗುವುದಿಲ್ಲ. ಕಲಬುರಗಿ ಜಿಲ್ಲೆಯಲ್ಲಿ ಬಡ ಹೆಣ್ಣುಮಕ್ಕಳ, ಅದರಲ್ಲೂ ಲಂಬಾಣಿ ತಾಂಡಾಗಳವರ ಗರ್ಭಕೋಶವನ್ನು ಅನಗತ್ಯವಾಗಿ ತೆಗೆದ ಪ್ರಕರಣಗಳು ಬೆಳಕಿಗೆ ಬಂದು 2015ರಲ್ಲಿ ಪ್ರತಿಭಟನೆಗಳು ನಡೆದವು. ಇಂಥ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿ ಜಾರಿಗೊಳಿಸಿ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು. ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದರೆ, ಹತ್ತಾರು ವರ್ಷಗಳ ನಂತರ ಆಗಬೇಕಾದ ಬದಲಾವಣೆ ಒಂದೇ ದಿನಕ್ಕೆ ಬಂದುಬಿಡುತ್ತೆ. ಮೂಳೆ, ಹೃದಯ, ಕೊಬ್ಬು ಮೂರಕ್ಕೂ ಪೆಟ್ಟು.

ಹಾಗಾದ್ರೆ ನಾವೇನು ಮಾಡಬಹುದು?

ಒಂದು ಟೇಪು ತಗೊಳ್ಳಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಅಳತೆ ಮಾಡಿ. ಭಾರತೀಯ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ದಾಟಿದರೆ ಎಚ್ಚರಿಕೆಯ ಗಂಟೆ. ತೂಕ ಸರಿಯಾಗಿದ್ದರೂ ಸರಿ. ಶುಗರ್, ಬಿಪಿ, ಕೊಲೆಸ್ಟ್ರಾಲ್ ಒಮ್ಮೆ ನೋಡಿಸಿ.

ಮುದ್ದೆ ಬಿಡಬೇಕಿಲ್ಲ. ಗಾತ್ರ ಸ್ವಲ್ಪ ಇಳಿಸಿ, ಜೊತೆಗೆ ಹುರುಳಿಕಾಳು, ಅವರೆಕಾಳು, ಮೊಟ್ಟೆ ಹೆಚ್ಚಿಸಿ. ನಡಿಗೆಯ ಜೊತೆ ಸ್ನಾಯುವಿಗೂ ಕೆಲಸ ಬೇಕು. ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದರಿಂದ ಶುರು ಮಾಡಬಹುದು. ಹಾರ್ಮೋನ್ ಮಾತ್ರೆ ತೂಕ ಇಳಿಸೋ ಔಷಧಿಯಲ್ಲ. ವೈದ್ಯರು ಹೇಳದೆ ಮುಟ್ಟಬೇಡಿ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಗರ್ಭಕೋಶದ ಆಪರೇಷನ್ ಅಂದರೆ, ಸಹಿ ಹಾಕುವ ಮುಂಚೆ ಮೂರು ಪ್ರಶ್ನೆ ಕೇಳಿ: ಬೇರೆ ದಾರಿ ಇಲ್ವಾ? ಅಂಡಾಶಯ ಉಳಿಸ್ತೀರಾ? ತೆಗೆದರೆ ಆಮೇಲೆ ಏನು ಮಾಡಬೇಕು? ಕೇಳೋಕೆ ನಮ್ಮ ಚಿಕ್ಕಮ್ಮ, ಅತ್ತೆಯರಿಗೆ ಸಂಕೋಚ ಇರುತ್ತೆ. ಪಕ್ಕದಲ್ಲಿ ನೀವಿರಿ, ನೀವೇ ಕೇಳಿ.