ಮೊದಲ ಲೇತ್ ಕೊಳ್ಳುವ ಮುನ್ನ

ಊರಿಗೆ ಹೋದಾಗ ಚನ್ನಪಟ್ಟಣದ ಬೊಂಬೆ ತಂದು ಷೋಕೇಸಿನಲ್ಲಿ ಇಟ್ಟವರು ನಮ್ಮಲ್ಲಿ ಬಹಳ. ಅಂಥದ್ದನ್ನು ಕೋಪರಖೈರಣೆಯ ಮನೆಯಲ್ಲೇ ಮಾಡುವ ಆಸೆಯಿದ್ದರೆ ಈ ನಾಲ್ಕು ಮಾತು ನಿಮಗೆ.

ಚನ್ನಪಟ್ಟಣದಲ್ಲಿ ಆಲೆಮರದ ತುಂಡನ್ನು ಲೇತಿಗೆ ಕಟ್ಟಿ ತಿರುಗಿಸಿ ಉಳಿಯಿಂದ ಕಡೆಯುತ್ತಾರೆ. ತಿರುಗುತ್ತಿರುವಾಗಲೇ ಬಣ್ಣದ ಅರಗು ಒತ್ತಿದರೆ, ಉಜ್ಜಿದ ಬಿಸಿಗೆ ಕರಗಿ ಮರಕ್ಕೆ ಹತ್ತುತ್ತದೆ. ಇಷ್ಟಕ್ಕೆ ಚಿಕ್ಕ ಲೇತ್ ಸಾಕು. ಆದರೆ ಬೊಂಬೆ ಕೈಗೆ ಹತ್ತಿದವರಿಗೆ ಬಟ್ಟಲು ಕಡೆಯುವ ಮನಸ್ಸಾಗದೆ ಇರದು. ಆಗಲೇ ಪೇಚಾಟ.

ಬಟ್ಟಲಿಗೆ ಲೇತಿನ ಉದ್ದ ಮುಖ್ಯವಲ್ಲ. ಸ್ಪಿಂಡಲ್ ನಡುವಿನಿಂದ ಕೆಳಗಿನ ಬೆಡ್‌ವರೆಗೆ ಅಳೆಯಿರಿ. 5 ಇಂಚಿದ್ದರೆ ಹೆಚ್ಚೆಂದರೆ 10 ಇಂಚು ಅಗಲದ ಮರ ತಿರುಗೀತು. ಅಂಗಡಿಯವರು ಗರಿಷ್ಠ ವೇಗ ಹೇಳುತ್ತಾರೆ, ನೀವು ಕನಿಷ್ಠ ವೇಗ ಕೇಳಿ! ಇಂಚಿನಲ್ಲಿ ಅಗಲವನ್ನು ನಿಮಿಷದ ಸುತ್ತಿನಿಂದ ಗುಣಿಸಿದರೆ 6000ದಿಂದ 9000 ಬರಬೇಕೆಂಬುದು ರೂಢಿಯ ಲೆಕ್ಕ. 10 ಇಂಚಿಗೆ 600ರಿಂದ 900 ಸುತ್ತು. ಒರಟು ತುಂಡಿಗೆ ಇನ್ನೂ ಕಡಿಮೆ. ಕನಿಷ್ಠವೇ 750 ಇರುವ ಲೇತಿಗೆ ಅಂಥ ತುಂಡು ಕಟ್ಟಿದರೆ ಟೇಬಲ್ಲೇ ಕುಣಿಯುತ್ತದೆ, ಮರ ಹಾರಿ ಮುಖಕ್ಕೂ ಬಡಿಯಬಹುದು. ಫೇಸ್ ಶೀಲ್ಡ್ ಇಲ್ಲದೆ ಸ್ವಿಚ್ ಮುಟ್ಟಬೇಡಿ.

ಸ್ಪಿಂಡಲ್‌ನ ಥ್ರೆಡ್ ಎಲ್ಲೆಡೆ ಸಿಗುವ ಅಳತೆಯದಾಗಿರಲಿ. ಒಳಗಡೆ 2ನೇ ನಂಬರಿನ ಮೋರ್ಸ್ ಟೇಪರ್ ಇರಲಿ. ಆಗ ಇಂದು ಕೊಂಡ ಚಕ್ ನಾಳಿನ ದೊಡ್ಡ ಲೇತಿಗೂ ಬಂದೀತು.

ಪಕ್ಕದ ಮಹಾಪೆಯ ಕಾರ್ಖಾನೆಗಳ ಕಡೆ ಹಳೇ ಕಬ್ಬಿಣದ ಲೇತ್ ಅಗ್ಗಕ್ಕೆ ಸಿಕ್ಕರೆ? ಬೇಡ. ಅದರಲ್ಲಿ ಹತಾರವನ್ನು ಯಂತ್ರ ಹಿಡಿಯುತ್ತದೆ, ಮರದ ಕೆಲಸಕ್ಕೆ ಉಳಿ ನಿಮ್ಮ ಕೈಯಲ್ಲಿರಬೇಕು. ಇದ್ದ ಹಣವನ್ನೆಲ್ಲ ಲೇತಿಗೇ ಸುರಿಯದೆ ಉಳಿ, ಸಾಣೆಗೂ ಒಂದಿಷ್ಟು ಎತ್ತಿಡಿ.