ಉದ್ದ ಕೂದಲ ತುದಿ ಯಾಕೆ ಸಿಕ್ಕಾಗುತ್ತದೆ, ಬಿಡಿಸುವುದು ಹೇಗೆ?

ಈ ವಾರದ ಆರೋಗ್ಯ ಮಾಹಿತಿ ದೊಡ್ಡ ಕಾಯಿಲೆಯ ಬಗ್ಗೆ ಅಲ್ಲ. ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಮಗಳ ತಲೆ ಬಾಚುವಾಗ "ಅಮ್ಮಾ, ನೋಯ್ತದೆ" ಎಂಬ ಕೂಗು ನಿಮ್ಮ ಮನೆಯಲ್ಲೂ ಏಳುತ್ತಿದ್ದರೆ ಪೂರ್ತಿ ಓದಿ.

ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಸೊಂಟದವರೆಗಿನ, ಅಂದರೆ 70 ಸೆಂ.ಮೀ. ಉದ್ದದ ಕೂದಲಿನ ತುದಿಗೆ ಹೆಚ್ಚು ಕಡಿಮೆ 6 ವರ್ಷ ವಯಸ್ಸು. ಬುಡದ ಕೂದಲು ಮೊನ್ನೆ ಹುಟ್ಟಿದ್ದು, ತುದಿ ಆರು ಬೇಸಿಗೆ, ಆರು ಮಳೆಗಾಲ ಕಂಡದ್ದು. ಕೂದಲಿನ ಮೇಲೆ ಊರ ಮನೆಯ ಹೆಂಚಿನ ಮಾಡಿನ ಹಾಗೆ ಒಂದರ ಮೇಲೊಂದು ಕೂತ ತೆಳು ಪದರಗಳಿರುತ್ತವೆ. ಹೆಂಚು ನೆಟ್ಟಗೆ ಕೂತಿದ್ದರೆ ಒಂದು ಕೂದಲು ಇನ್ನೊಂದರ ಮೇಲೆ ಜಾರುತ್ತದೆ. ವರ್ಷಗಟ್ಟಲೆ ತೊಳೆದು, ಉಜ್ಜಿ, ಬಿಸಿಲಿಗೆ ಒಣಗಿಸಿದ ತುದಿಯಲ್ಲಿ ಆ ಹೆಂಚುಗಳು ಎದ್ದಿರುತ್ತವೆ, ಕೆಲವು ಕಿತ್ತೇ ಹೋಗಿರುತ್ತವೆ. ಎದ್ದ ಹೆಂಚುಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಗಂಟಿನ ಮೂಲ ಇದು.

ಇನ್ನೊಂದು ಕಾರಣವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಎಲ್ಲರಿಗೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಗಿಡ್ಡ ಕೂದಲಾದರೆ ಉದುರಿದ್ದು ಕೆಳಗೆ ಬೀಳುತ್ತದೆ. ಉದ್ದ ಜಡೆಯಲ್ಲಿ ಬೀಳದೆ ಒಳಗೇ ಉಳಿದು, ಉಳಿದ ಕೂದಲನ್ನು ದಾರದ ಹಾಗೆ ಸುತ್ತಿಕೊಳ್ಳುತ್ತದೆ. ಮೂರು ದಿನ ಬಾಚದೆ ನಾಲ್ಕನೇ ದಿನ ಬಾಚಿದರೆ ಕೈತುಂಬ ಕೂದಲು ಬರುವುದು ಅದಕ್ಕೇ. ಅಷ್ಟಕ್ಕೆ ಹೆದರಬೇಡಿ, ಅದು ಮೂರು ದಿನದ ಲೆಕ್ಕ.

ನಮ್ಮ ಘಣಸೋಲಿಯ ದಿನಚರಿಯೂ ಇದಕ್ಕೆ ಸೇರುತ್ತದೆ. ಬೆಳಿಗ್ಗೆ ತಲೆಗೆ ಸ್ನಾನ, ಒದ್ದೆ ಕೂದಲು ಬಿಟ್ಟುಕೊಂಡೇ ಥಾಣೆ-ವಾಶಿ ಲೋಕಲ್ ಹತ್ತುವುದು, ಬಾಗಿಲ ಗಾಳಿ, ಹೆಗಲ ಬ್ಯಾಗಿನ ಪಟ್ಟಿ, ಬೆವರು. ಕೋಪರ್‌ಖೈರಣೆ ದಾಟುವಷ್ಟರಲ್ಲಿ ತುದಿ ಗಂಟು. ಒದ್ದೆ ಕೂದಲು ಒಣ ಕೂದಲಿಗಿಂತ ದುರ್ಬಲ, ಎಳೆದರೆ ಹಿಗ್ಗಿ ತುಂಡಾಗುತ್ತದೆ. ಸಾಧ್ಯವಾದರೆ ಹಿಂದಿನ ಸಂಜೆ ತಲೆ ತೊಳೆದು ಒಣಗಿಸಿ. ರೈಲಿಗೆ ಹೊರಡುವಾಗ ಸಡಿಲ ಜಡೆ ಹಾಕಿಕೊಳ್ಳಿ. ರಜೆಗೆ ಊರಿಗೆ ಹೋದಾಗ ಕೊಳವೆಬಾವಿಯ ಗಡಸು ನೀರಿನಲ್ಲಿ ಮೈಸೋಪಿನಿಂದಲೇ ತಲೆ ತೊಳೆದರೆ ಸೋಪಿನ ಜಿಡ್ಡು ಕೂದಲಿಗೆ ಅಂಟಿ ಇನ್ನಷ್ಟು ಒರಟಾಗುತ್ತದೆ.

ಈಗ ಬಿಡಿಸುವ ವಿಧಾನ. ನಾವೆಲ್ಲ ಮಾಡುವುದು ನೆತ್ತಿಯಿಂದ ಬಾಚಣಿಗೆ ಇಳಿಸುವುದು. ಹಾಗೆ ಮಾಡಿದರೆ ಮೇಲಿನ ಸಣ್ಣ ಸಿಕ್ಕುಗಳೆಲ್ಲ ಕೆಳಗೆ ಜಾರಿ ತುದಿಯಲ್ಲಿ ಒಂದೇ ದೊಡ್ಡ ಗಂಟಾಗುತ್ತವೆ. ಅದರ ಬದಲು ತುದಿಯಿಂದ ಶುರುಮಾಡಿ. ಗಂಟಿನ ಮೇಲ್ಭಾಗದ ಕೂದಲನ್ನು ಎಡಗೈಯಲ್ಲಿ ಮುಷ್ಟಿ ಹಿಡಿಯಿರಿ. ಎಳೆತ ಬುಡಕ್ಕೆ ತಲುಪುವುದಿಲ್ಲ, ಮಗು ಕೂಗುವುದಿಲ್ಲ. ಕೊನೆಯ ಎರಡು ಇಂಚನ್ನು ಮೊದಲು ಬೆರಳಿನಿಂದ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ ಬಿಡಿಸಿ. ಅದು ಸಲೀಸಾದ ಮೇಲೆ ಇನ್ನೆರಡು ಇಂಚು ಮೇಲಕ್ಕೆ. ಬಿಗಿದ ಗಂಟಿಗೆ ಎರಡು ಹನಿ ತೆಂಗಿನೆಣ್ಣೆ ಹಚ್ಚಿ, ಐದು ನಿಮಿಷ ಬಿಟ್ಟು, ಬಾಚಣಿಗೆಯ ಮೊನೆಯಿಂದ ಒಂದೊಂದೇ ಎಳೆ ಹೊರಗೆ ತೆಗೆಯಿರಿ. ಸಿಕ್ಕು ಬಿಡಿಸದೆ ತಲೆಗೆ ನೀರು ಹಾಕಲೇಬೇಡಿ. ತೊಳೆಯುವಾಗ ಕೂದಲನ್ನೆಲ್ಲ ನೆತ್ತಿಗೆ ಗುಡ್ಡೆ ಹಾಕಿ ತಿಕ್ಕುವುದೂ ಬೇಡ. ಶಾಂಪೂ ನೆತ್ತಿಗೆ, ಕಂಡೀಷನರ್ ತುದಿಗೆ. ದಾಸವಾಳದ ಎಲೆ ಕಿವುಚಿದ ಲೋಳೆಯೂ ಕೂದಲನ್ನು ಜಾರುವಂತೆ ಮಾಡುತ್ತದೆ. ಸ್ನಾನವಾದ ಮೇಲೆ ಟವೆಲಿನಲ್ಲಿ ಒತ್ತಿ, ತಿಕ್ಕಬೇಡಿ. ನೇರ ಕೂದಲನ್ನು ಸ್ವಲ್ಪ ಆರಿದ ಮೇಲೆ ಬಾಚಿ. ಗುಂಗುರು ಕೂದಲಿನವರು ಮಾತ್ರ ಕಂಡೀಷನರ್ ಇರುವಾಗಲೇ, ಒದ್ದೆಯಲ್ಲೇ ಬಿಡಿಸಿಕೊಳ್ಳುವುದು ಒಳ್ಳೆಯದು.

ತೆಂಗಿನೆಣ್ಣೆ ಬರೀ ಅಜ್ಜಿಯ ನಂಬಿಕೆಯಲ್ಲ. ಮುಂಬೈಯ ಮ್ಯಾರಿಕೊ ಕಂಪನಿಯ ಸಂಶೋಧಕರು 2003ರಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಕೂದಲಿನ ಮೇಲೆ ಹೋಲಿಸಿ ನೋಡಿದರು. ಕೂದಲಿನ ಪ್ರೋಟೀನ್ ನಷ್ಟ ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಮಾತ್ರ. ಅದು ಕೂದಲಿನ ಒಳಕ್ಕೆ ಇಳಿಯುತ್ತದೆ. ಎಣ್ಣೆ ಮಾರುವ ಕಂಪನಿಯದೇ ಅಧ್ಯಯನ ಎಂಬುದನ್ನೂ ನೆನಪಿಡಿ. ಆದರೆ ಸ್ನಾನಕ್ಕೆ ಮುಂಚೆ ಎಣ್ಣೆ ಹಚ್ಚುವ ನಮ್ಮ ರೂಢಿಯಲ್ಲಿ ಹುರುಳಿದೆ.

ಸೀಳಿದ ತುದಿಯನ್ನು ಯಾವ ಸೀರಮ್ಮೂ ಶಾಶ್ವತವಾಗಿ ಅಂಟಿಸಲಾರದು, ಕತ್ತರಿಸಬೇಕು. ಮೂರು ತಿಂಗಳಿಗೊಮ್ಮೆ ಅರ್ಧ ಇಂಚು ಸಾಕು. ಪಾರ್ಲರಿನಲ್ಲಿ ಮರಾಠಿಯಲ್ಲಿ "ಫಕ್ತ ಟೋಕಂ" ಎಂದು ಹೇಳಿ, ಬೆರಳಿಟ್ಟು ಅಳತೆಯನ್ನೂ ತೋರಿಸಿ, ಇಲ್ಲದಿದ್ದರೆ ಮೂರು ಇಂಚು ಹೋಗಿರುತ್ತದೆ. ಮಂಗಳವಾರ, ಶುಕ್ರವಾರ ಬೇಡವೆಂದರೆ ಬುಧವಾರ ಹೋಗಿ. ಕತ್ತರಿಸಿದರೆ ಬೇಗ ಬೆಳೆಯುತ್ತದೆ ಎಂಬುದು ಮಾತ್ರ ಸುಳ್ಳು, ಕೂದಲು ಬೆಳೆಯುವುದು ಬುಡದಿಂದ.

ಕೊನೆಯದಾಗಿ, ಮುಜುಗರ ಬಿಟ್ಟು ಮಾತಾಡಬೇಕಾದ ವಿಷಯ. ತಲೆಬಟ್ಟೆ ಕಟ್ಟಿಕೊಂಡೇ ಇರುವ ಬಾಣಂತಿ, ವಾರಗಟ್ಟಲೆ ಜ್ವರದಲ್ಲಿ ಮಲಗಿದ ಮಗು, ಹಾಸಿಗೆ ಹಿಡಿದ ಹಿರಿಯರು, ತಲೆತುಂಬ ಹೇನು ಇರುವ ಹುಡುಗಿ: ಇವರ ಕೂದಲು ಬಾಚದೇ ಇದ್ದರೆ ಬೆವರು, ಜಿಡ್ಡು ಸೇರಿ ಕಂಬಳಿಯ ಹಾಗೆ ಗಟ್ಟಿಯಾಗುತ್ತದೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆ ಹಾಗೂ ಮಹಾರಾಷ್ಟ್ರದ ಗಡಿಜಿಲ್ಲೆಗಳಲ್ಲಿ ಇದನ್ನು "ಯಲ್ಲಮ್ಮನ ಜಡೆ" ಎನ್ನುತ್ತಾರೆ, ಕತ್ತರಿಸಿದರೆ ಕೇಡು ಎಂದು ಹೆದರುತ್ತಾರೆ. ಈ ಜಡೆಯ ನೆಪದಲ್ಲಿ ಎಷ್ಟೋ ಹೆಣ್ಣುಮಕ್ಕಳನ್ನು ದೇವದಾಸಿ ಬಿಟ್ಟದ್ದೂ ಉಂಟು. ಕರ್ನಾಟಕದಲ್ಲಿ ಅದನ್ನು ನಿಷೇಧಿಸುವ ಕಾನೂನು 1982ರದ್ದು. ದೇವಿಯ ಮೇಲಿನ ಭಕ್ತಿ ಬೇರೆ, ಕೂದಲಿನ ಗಂಟು ಬೇರೆ. ಯುರೋಪಿನ ಪೋಲೆಂಡಿನಲ್ಲೂ ಹಿಂದೆ ಇಂಥದೇ ಜಡೆ ಬೀಳುತ್ತಿತ್ತು, ಅಲ್ಲಿನವರೂ ಕತ್ತರಿಸಲು ಹೆದರುತ್ತಿದ್ದರು; ಅಲ್ಲಿ ಯಲ್ಲಮ್ಮ ಇರಲಿಲ್ಲ.

ಕೂದಲಿಗೆ ರಕ್ತವೂ ಇಲ್ಲ, ನರವೂ ಇಲ್ಲ. ಕತ್ತರಿಸಿದರೆ ನೋವಾಗದು, ಮೈಗೆ ಏನೂ ಆಗದು. ಬಿಟ್ಟರೆ ಮಾತ್ರ ತಲೆ ಭಾರ, ಕುತ್ತಿಗೆ ನೋವು, ಒಳಗೆ ಹೇನು, ಹುಣ್ಣು. ಹೊಸದಾಗಿದ್ದರೆ ಎಣ್ಣೆ ಹಚ್ಚಿ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಬಿಡಿಸಬಹುದು, ಗಟ್ಟಿಯಾಗಿದ್ದರೆ ಕತ್ತರಿಯೇ ದಾರಿ. ಮನೆಯ ಹಿರಿಯರು ಒಪ್ಪದಿದ್ದರೆ ಡಾ. ನರೇಂದ್ರ ದಾಭೋಲ್ಕರ್ ಕಟ್ಟಿದ ಮಹಾರಾಷ್ಟ್ರ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಕಾರ್ಯಕರ್ತರು ಮನೆಯವರನ್ನು ಕೂರಿಸಿ ಮಾತಾಡಿ, ಒಪ್ಪಿಸಿ, ಜಡೆ ತೆಗೆದುಕೊಡುತ್ತಾರೆ. ನೆತ್ತಿಯಲ್ಲಿ ಕೀವು, ಹುಣ್ಣು, ದುಂಡಗೆ ಬೋಳಾದ ಜಾಗ ಕಂಡರೆ ಅಥವಾ ಕುತ್ತಿಗೆಯಲ್ಲಿ ಗಡ್ಡೆ ಎದ್ದಿದ್ದರೆ ಬಿಡಿಸುತ್ತಾ ಕೂರದೆ ಚರ್ಮದ ಡಾಕ್ಟರಿಗೆ ತೋರಿಸಿ.