ತೆರೆಯಲೊಲ್ಲದ ಕಡತ: ಕನ್ನಡ ಪಠ್ಯವೂ ಮುಕ್ತ ತಂತ್ರಾಂಶವೂ

ಗಣಕಯಂತ್ರದ ನಿತ್ಯಬಳಕೆಯಲ್ಲಿ ಜನರನ್ನು ಕಾಡುವ ತೊಂದರೆಗಳಲ್ಲಿ ಹೆಚ್ಚಿನವು, ಪ್ರಿಂಟರ್ ಕೈಕೊಡುವುದಾಗಲಿ, ಬೇಡದ ಹೊತ್ತಿನಲ್ಲಿ ಅಪ್‌ಡೇಟ್ ಶುರುವಾಗುವುದಾಗಲಿ, ಪಾಸ್‌ವರ್ಡ್ ಮರೆತುಹೋಗುವುದಾಗಲಿ, ಆ ದಿನದ ಕೆಲಸವನ್ನು ಕೆಡಿಸಿ ಅಲ್ಲಿಗೇ ಮುಗಿಯುವಂಥವು. ಹಲವು ವರ್ಷಗಳ ಹಿಂದೆ ಕನ್ನಡದಲ್ಲಿ ಟೈಪು ಮಾಡಿ ಜೋಪಾನವಾಗಿ ಇಟ್ಟುಕೊಂಡ ಕಡತವೊಂದನ್ನು ಇಂದು ತೆರೆದಾಗ ಕನ್ನಡದ ಒಂದಕ್ಷರವೂ ಕಾಣದೆ, ರೋಮನ್ ಲಿಪಿಯ ಅಕ್ಷರಗಳೂ ನೆತ್ತಿಯ ಮೇಲೆ ಗೀಟು, ಚುಕ್ಕೆ ಹೊತ್ತ ಯುರೋಪಿನ ಸ್ವರಗಳೂ ಸಾಲುಗಟ್ಟಿ ನಿಲ್ಲುವ ತೊಂದರೆ ಮಾತ್ರ ಹಾಗೆ ಒಂದು ದಿನಕ್ಕೆ ಮುಗಿಯುವುದಿಲ್ಲ. ಕರ್ನಾಟಕದ ಕಚೇರಿಗಳ ಸುತ್ತೋಲೆಗಳು, ಸಂಶೋಧನ ಪ್ರಬಂಧಗಳು, ಡಿಟಿಪಿ ಕೇಂದ್ರಗಳಲ್ಲಿ ಪುಟಕಟ್ಟಿದ ಪುಸ್ತಕಗಳು ಇಂಥ ಕಡತಗಳಲ್ಲಿ ಇಂದಿಗೂ ಸಿಕ್ಕಿಕೊಂಡಿವೆ. ಮುಕ್ತ ತಂತ್ರಾಂಶ ಕನ್ನಡಿಗರಿಗೆ ಏಕೆ ಬೇಕು ಎಂಬುದು ಈ ಒಂದು ಸಮಸ್ಯೆಯನ್ನು ಬಿಡಿಸಿ ನೋಡಿದರೆ ತಿಳಿಯುವಷ್ಟು ಬೇರೆ ಯಾವ ವಾದದಿಂದಲೂ ತಿಳಿಯದು.

ಗಣಕಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಆದ್ದರಿಂದ ಯಾವ ಸಂಖ್ಯೆ ಯಾವ ಅಕ್ಷರಕ್ಕೆ ನಿಲ್ಲಬೇಕು ಎಂಬ ಒಪ್ಪಂದವೊಂದು ಮೊದಲೇ ಆಗಿರಬೇಕಾಗುತ್ತದೆ. ಅಮೆರಿಕದಲ್ಲಿ 1963ರಲ್ಲಿ ರೂಪುಗೊಂಡ ಆಸ್ಕಿ ಎಂಬ ಒಪ್ಪಂದದಲ್ಲಿ ಇದ್ದದ್ದು 128 ಸ್ಥಾನಗಳು, ಅವು ಇಂಗ್ಲಿಷಿಗೆ ಸಾಕಾಗಿದ್ದವು. ಮುಂದೆ ಅದನ್ನು 256ಕ್ಕೆ ಹಿಗ್ಗಿಸಿದಾಗ ಹೊಸ ಸ್ಥಾನಗಳಲ್ಲಿ ಪಶ್ಚಿಮ ಯುರೋಪಿನ ಭಾಷೆಗಳ ಅಕ್ಷರಗಳು ಬಂದು ಕುಳಿತವು. ಅಲ್ಲಿ ಕನ್ನಡಕ್ಕೆ ಜಾಗವಿರಲಿಲ್ಲ. ಹೀಗಾಗಿ ಕನ್ನಡದ ತಂತ್ರಾಂಶಗಳನ್ನು ಸಿದ್ಧಪಡಿಸಿದವರು ಒಂದು ಉಪಾಯ ಮಾಡಿದರು: ಸಂಖ್ಯೆಗಳನ್ನು ಹಾಗೆಯೇ ಬಿಟ್ಟು, ಅವುಗಳ ಚಿತ್ರಗಳನ್ನು ಮಾತ್ರ ಬದಲಿಸಿ, ರೋಮನ್ ಅಕ್ಷರಗಳಿರಬೇಕಾದ ಜಾಗಗಳಲ್ಲಿ ಕನ್ನಡ ಲಿಪಿಯ ತುಂಡುಗಳನ್ನು ತುಂಬಿದ ಫಾಂಟುಗಳನ್ನು ತಯಾರಿಸಿದರು. ಬಳಕೆಯಲ್ಲಿ ಇವುಗಳಿಗೆ ಆಸ್ಕಿ ಫಾಂಟು ಎಂಬ ಹೆಸರು ಬಿತ್ತು. ಗಣಕದ ಮಟ್ಟಿಗೆ ಆ ಕಡತ ಅರ್ಥವಿಲ್ಲದ ಇಂಗ್ಲಿಷ್. ಅದರ ಮೇಲೆ ಸರಿಯಾದ ಫಾಂಟನ್ನು ಹೊದಿಸಿದಾಗ ಮಾತ್ರ ಓದುವವರ ಕಣ್ಣಿಗೆ ಅದು ಕನ್ನಡ.

ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ 'ಕನ್ನಡ' ಎಂಬ ಪದ ಹೇಗೆ ದಾಖಲಾಗುತ್ತದೆಂಬುದನ್ನು ಹತ್ತಿರದಿಂದ ನೋಡಬಹುದು. ಮೊದಲು ದೊಡ್ಡಕ್ಷರದ ಪಿ, ಅದು ತಲೆಕಟ್ಟಿಲ್ಲದ ಕ. ಆಮೇಲೆ ಗೀಟು ಹೊತ್ತ ಎ, ಅದು ತಲೆಕಟ್ಟು. ಬ್ರಿಟನ್ನಿನ ಪೌಂಡ್ ಚಿಹ್ನೆ ನಕಾರದ ಒಡಲು, ಮತ್ತೆ ತಲೆಕಟ್ಟಿನ ಎ. ಜರ್ಮನ್ ಭಾಷೆಯ ಜೋಡಿ ಎಸ್ ಅಕ್ಷರ ನಕಾರದ ಒತ್ತು. ಸಣ್ಣಕ್ಷರದ ಕ್ಯೂ ಡಕಾರದ ಒಡಲು, ಕೊನೆಗೆ ಇನ್ನೊಂದು ತಲೆಕಟ್ಟು. ಗಣಕದೊಳಗೆ ಇರುವುದು 80, 192, 163, 192, 223, 113, 192 ಎಂಬ ಏಳು ಸಂಖ್ಯೆಗಳು. ಫಾಂಟು ತಪ್ಪಿದ ಕೂಡಲೇ ಪೌಂಡ್ ಚಿಹ್ನೆ ಪೌಂಡ್ ಚಿಹ್ನೆಯಾಗಿಯೇ ಕಾಣುತ್ತದೆ, ಏಕೆಂದರೆ ಅದು ಮೊದಲಿನಿಂದಲೂ ಅದೇ ಆಗಿತ್ತು.

ಕಾಣುವುದರಾಚೆಗೂ ಇದರ ಪರಿಣಾಮಗಳಿವೆ. ಈ ಫಾಂಟುಗಳಲ್ಲಿ ಮಕಾರಕ್ಕೆ ತನ್ನದೇ ಸ್ಥಾನವಿಲ್ಲ, ಅದು ವಕಾರಕ್ಕೆ ಒಂದು ಕೊಂಬನ್ನು ಸೇರಿಸಿ ಮಾಡಿದ ಆಕಾರ. ಆದ್ದರಿಂದ ವಕಾರವನ್ನು ಹುಡುಕಿದವರಿಗೆ ಮಕಾರಗಳೆಲ್ಲ ಸಿಗುತ್ತವೆ. ಯಕಾರ ಸೊನ್ನೆಯಿಂದ ಆರಂಭವಾಗುವ ನಾಲ್ಕು ತುಂಡುಗಳ ಜೋಡಣೆ, ಸೊನ್ನೆಯ ಸಂಖ್ಯೆ 65, ಅಕಾರದ ಸಂಖ್ಯೆ 67. ಹೀಗಾಗಿ ಹೆಸರುಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಲು ಗಣಕಕ್ಕೆ ಹೇಳಿದರೆ ಯಮುನಾ ಎಂಬ ಹೆಸರು ಅಂಬಿಕಾಗಿಂತ ಮೊದಲು ಬರುತ್ತದೆ. ಇಂಥ ಪಠ್ಯದಲ್ಲಿ ಕಾಗುಣಿತ ತಿದ್ದುವ ಸಾಧನ ಕೆಲಸ ಮಾಡಲಾರದು, ಅಂತರಜಾಲದ ಹುಡುಕಾಟಕ್ಕೆ ಅದು ದಕ್ಕಲಾರದು, ಅಂಧರಿಗಾಗಿ ಪಠ್ಯವನ್ನು ಓದಿ ಹೇಳುವ ತಂತ್ರಾಂಶ ಅದನ್ನು ಓದಲಾರದು. ಅದರ ಮೇಲೆ, ಶ್ರೀಲಿಪಿ, ಆಕೃತಿ, ಪ್ರಕಾಶಕ ಮುಂತಾದ ತಂತ್ರಾಂಶಗಳಲ್ಲಿ ಯಾವ ತುಂಡು ಯಾವ ಸಂಖ್ಯೆಗೆ ಎಂಬುದು ಒಂದೊಂದರಲ್ಲಿ ಒಂದೊಂದು ಬಗೆಯಾಗಿದ್ದುದರಿಂದ, ಒಂದು ಕಚೇರಿಯ ಕನ್ನಡ ಪಕ್ಕದ ಕಚೇರಿಗೆ ಕನ್ನಡವಾಗಿ ತಲುಪುತ್ತಿರಲಿಲ್ಲ. ಸರ್ಕಾರ ಒಂದು ಏಕರೂಪದ ಜೋಡಣೆಯನ್ನು ಒಪ್ಪಿಕೊಂಡು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಬಂದದ್ದು ಈ ಗೊಂದಲವನ್ನು ನಿವಾರಿಸುವ ದೊಡ್ಡ ಹೆಜ್ಜೆಯೇ ಆಗಿತ್ತು.

ಆ ಕಾಲದ ಕೆಲಸವನ್ನು ಇಂದಿನ ತಿಳಿವಳಿಕೆಯಿಂದ ಹಳಿಯುವುದು ಅನ್ಯಾಯ. ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಬರಹ ತಂತ್ರಾಂಶವನ್ನು ಹೊರತಂದಾಗ ದೇಶವಿದೇಶಗಳ ಕನ್ನಡಿಗರು ಮೊದಲ ಬಾರಿಗೆ ಮನೆಯ ಗಣಕದಲ್ಲಿ ಸುಲಭವಾಗಿ ಕನ್ನಡ ಬರೆಯುವಂತಾಯಿತು. ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ 26 ಕೀಲಿಗಳಲ್ಲೇ ಇಡೀ ಕನ್ನಡ ವರ್ಣಮಾಲೆಯನ್ನು ಅಡಕಮಾಡಿ ರೂಪಿಸಿದ ವಿನ್ಯಾಸ, ಸರ್ಕಾರದ ಮಾನಕವೂ ಆಗಿ, ಇಂದಿಗೂ ಟೈಪು ಮಾಡುವವರ ಬೆರಳುಗಳಲ್ಲಿ ಉಳಿದಿದೆ. ಆ ವಿನ್ಯಾಸದಲ್ಲಿ 'ಕನ್ನಡ' ಎಂದು ಬರೆಯಲು ಒತ್ತಬೇಕಾದದ್ದು ಐದೇ ಕೀಲಿಗಳು: ಕ, ನ, ಒತ್ತನ್ನು ತರುವ ಎಫ್ ಕೀಲಿ, ಮತ್ತೆ ನ, ಕೊನೆಗೆ ಡ. ಇಲ್ಲೊಂದು ಗಮನಾರ್ಹ ಸಂಗತಿಯಿದೆ: ಬರೆಯುವವರ ಬೆರಳು ಭಾಷೆಯ ಕ್ರಮದಲ್ಲಿ ನಡೆಯುತ್ತಿತ್ತು, ಕಡತ ಮಾತ್ರ ಆಕಾರಗಳ ಕ್ರಮದಲ್ಲಿ ದಾಖಲಾಗುತ್ತಿತ್ತು.

ಭಾಷೆಯ ಕ್ರಮವನ್ನೇ ದಾಖಲೆಯ ಕ್ರಮವಾಗಿ ಮಾಡಿದ್ದು ಯೂನಿಕೋಡ್. ಜಗತ್ತಿನ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಬೇರೆಬೇರೆ ಸಂಖ್ಯೆಯನ್ನು ಕೊಡುವ ಈ ಒಪ್ಪಂದದ ಮೊದಲ ಆವೃತ್ತಿ 1991ರಲ್ಲಿ ಪ್ರಕಟವಾಯಿತು, ಮತ್ತು ಕನ್ನಡ ಆ ಮೊದಲ ಆವೃತ್ತಿಯಲ್ಲೇ ಇತ್ತು. ಅದರಲ್ಲಿ 3200ರಿಂದ 3327ರವರೆಗಿನ 128 ಸ್ಥಾನಗಳು ಕನ್ನಡಕ್ಕೆ ಮೀಸಲು. ಇಲ್ಲಿ 'ಕನ್ನಡ' ಎಂದರೆ 3221, 3240, 3277, 3240, 3233 ಎಂಬ ಐದು ಸಂಖ್ಯೆಗಳು, ಕೆ.ಪಿ. ರಾವ್ ಕೀಲಿಗಳ ಕ್ರಮದಲ್ಲಿಯೇ. ತಲೆಕಟ್ಟು, ಒತ್ತಿನ ಆಕಾರ ಇವು ಯಾವುವೂ ದಾಖಲೆಯಲ್ಲಿಲ್ಲ, ಅವನ್ನು ತೋರಿಸುವುದು ಪರದೆಯ ಕೆಲಸ. ಒಮ್ಮೆ ಕೊಟ್ಟ ಸಂಖ್ಯೆಯನ್ನೂ ಹೆಸರನ್ನೂ ಎಂದಿಗೂ ಬದಲಿಸುವುದಿಲ್ಲ ಎಂಬುದು ಯೂನಿಕೋಡಿನ ಕಟ್ಟುನಿಟ್ಟಾದ ನಿಯಮ. ಹಳಗನ್ನಡದ ೞ ಅಕ್ಷರಕ್ಕೆ 3294ನೆಯ ಸ್ಥಾನದಲ್ಲಿ ತಪ್ಪಾಗಿ 'ಫ' ಎಂಬ ಹೆಸರು ಬಿದ್ದಿದೆ. ತಪ್ಪೆಂದು ಎಲ್ಲರೂ ಒಪ್ಪಿದರೂ ಮೂಲ ಹೆಸರನ್ನು ಅಳಿಸದೆ, ಪಕ್ಕದಲ್ಲಿ ತಿದ್ದುಪಡಿಯ ಹೆಸರನ್ನಷ್ಟೇ ಸೇರಿಸಲಾಗಿದೆ. ಹಟವೆಂದು ತೋರಬಹುದಾದ ಈ ನಿಷ್ಠೆಯೇ ಇಂದಿನ ಕನ್ನಡ ಕಡತ ಐವತ್ತು ವರ್ಷಗಳ ಮೇಲೂ ಕನ್ನಡವಾಗಿ ತೆರೆದುಕೊಳ್ಳುತ್ತದೆಂಬುದಕ್ಕೆ ಇರುವ ಭರವಸೆ.

ಸಂಖ್ಯೆಗಳ ಒಪ್ಪಂದ ಆದಮಾತ್ರಕ್ಕೆ ಕನ್ನಡ ಪರದೆಯ ಮೇಲೆ ಮೂಡುವುದಿಲ್ಲ. ನ, ಒತ್ತನ್ನು ತರುವ ಹಲಂತ, ನ ಎಂಬ ಮೂರನ್ನು ನೋಡಿ ಎರಡನೆಯ ನಕಾರವನ್ನು ಒತ್ತಾಗಿ ಕೆಳಗಿಡಬೇಕು, ರಕಾರ ಮೊದಲು ಬಂದರೆ ಅದನ್ನು ಅರ್ಕಾವತ್ತಾಗಿ ಹಿಂದಕ್ಕೆ ಒಯ್ಯಬೇಕು ಎಂದು ತಿಳಿದಿರುವ ತಂತ್ರಾಂಶವೊಂದು ನಡುವೆ ಇರಬೇಕು. ಮುಕ್ತ ತಂತ್ರಾಂಶದ ಬೆಲೆ ಗೊತ್ತಾಗುವುದು ಇಲ್ಲಿ. ತಂತ್ರಾಂಶವನ್ನು ಬರೆದ ಮೂಲರೂಪವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು ಎಂದು ಪರವಾನಗಿಯಲ್ಲೇ ಬರೆದುಕೊಟ್ಟಿರುವುದನ್ನು ಮುಕ್ತ ತಂತ್ರಾಂಶ ಎನ್ನುತ್ತಾರೆ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಸಾರಿದ ಗ್ನೂ ಯೋಜನೆಯಿಂದ ಈ ವಿಚಾರಕ್ಕೆ ಸ್ಪಷ್ಟ ರೂಪ ಬಂದಿತು. ದುಡ್ಡು ಕೊಡಬೇಕಿಲ್ಲ ಎಂಬುದಕ್ಕೂ ಇದಕ್ಕೂ ಸಂಬಂಧ ಕಡಿಮೆ. ದುಡ್ಡು ಪಡೆಯದೆ ಹಂಚಿದ ತಂತ್ರಾಂಶವೂ ಅದನ್ನು ಬರೆದವರು ಕೈಬಿಟ್ಟ ದಿನ ನಿಂತುಹೋಗಬಹುದು, ಮೂಲರೂಪ ಕೈಯಲ್ಲಿದ್ದರೆ ಇನ್ನೊಬ್ಬರು ಅದನ್ನು ಎತ್ತಿಕೊಂಡು ಮುಂದುವರಿಸಬಹುದು.

ಪಾರಸಿ ಭಾಷೆಯ ಗಣಕ ಬಳಕೆಗಾಗಿ ದುಡಿದಿದ್ದ ಇರಾನ್ ಮೂಲದ ಬೆಹದಾದ್ ಇಸ್ಫಹಬೋದ್ ಬೆಳೆಸಿದ ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ ಲಿಪಿಯ ತುಂಡುಗಳನ್ನು ಸರಿಯಾಗಿ ಜೋಡಿಸುವ ಕೆಲಸವನ್ನು ಮಾಡುತ್ತದೆ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲವೂ ಅದನ್ನೇ ಬಳಸುವುದರಿಂದ, ಕನ್ನಡವನ್ನು ಮೊಬೈಲಿನಲ್ಲಿ ಓದುವ ಕೋಟ್ಯಂತರ ಜನ ಹೆಸರೂ ಕೇಳಿರದ ಈ ತಂತ್ರಾಂಶಕ್ಕೆ ಋಣಿಗಳು. ಆಂಡ್ರಾಯ್ಡ್ ಫೋನುಗಳಿಗೆ ಕನ್ನಡದ ಬೆಂಬಲ ಬಂದದ್ದೇ 2012ರ 4.1ನೆಯ ಆವೃತ್ತಿಯಲ್ಲಿ, ಅದಕ್ಕೂ ಹಿಂದಿನ ಫೋನುಗಳಲ್ಲಿ ಕನ್ನಡದ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತಿದ್ದುದನ್ನು ಹಲವರು ಮರೆತಿರಲಾರರು. ಪುಟವಿನ್ಯಾಸದ ಸ್ಕ್ರೈಬಸ್ ಎಂಬ ಮುಕ್ತ ತಂತ್ರಾಂಶದ ಕಥೆ ಇನ್ನೂ ಮನಮುಟ್ಟುವಂಥದ್ದು. ಭಾರತೀಯ ಲಿಪಿಗಳನ್ನು ಜೋಡಿಸಲು ಬಾರದಿದ್ದ ಆ ತಂತ್ರಾಂಶಕ್ಕೆ, ಅರಬ್ಬಿ ಲಿಪಿಗಾಗಿ ಒಮಾನ್ ದೇಶದ ಮುಕ್ತ ತಂತ್ರಾಂಶ ಸಂಸ್ಥೆಯೊಂದು ಮಾಡಿಕೊಟ್ಟ ಕೆಲಸವೇ ಮೂಲವಾಗಿ ಜಟಿಲ ಲಿಪಿಗಳ ಬೆಂಬಲ ಸೇರಿ, ಅದರ ಫಲ ಕನ್ನಡಕ್ಕೂ ದಕ್ಕಿತು. ಮಸ್ಕತ್ತಿನವರಿಗೆ ಬೇಕಾದದ್ದನ್ನು ಮಸ್ಕತ್ತಿನವರು ಮಾಡಿಕೊಂಡರೆ ಮೈಸೂರಿನ ಮುದ್ರಕರಿಗೆ ಪ್ರಯೋಜನವಾಗುವುದು ಮೂಲರೂಪ ತೆರೆದಿರುವಲ್ಲಿ ಮಾತ್ರ ಸಾಧ್ಯ.

ಇದಕ್ಕೆ ಎದುರಾಗಿ ಪೇಜ್‌ಮೇಕರ್‌ನ ಉದಾಹರಣೆಯನ್ನು ಇಡಬಹುದು. ಕನ್ನಡದ ಡಿಟಿಪಿ ಉದ್ಯಮ ಬೆಳೆದು ನಿಂತದ್ದೇ ಈ ತಂತ್ರಾಂಶದ ಮೇಲೆ. ಅದರ ಕೊನೆಯ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ತಿಳಿಯದು, ತಯಾರಕರು ಇನ್‌ಡಿಸೈನ್ ಎಂಬ ಬೇರೆ ತಂತ್ರಾಂಶಕ್ಕೆ ತಮ್ಮ ಗಮನವನ್ನು ತಿರುಗಿಸಿದ ಮೇಲೆ ಅದಕ್ಕೆ ಯೂನಿಕೋಡನ್ನು ಕಲಿಸುವ ಹಕ್ಕು ಬೇರೆ ಯಾರಿಗೂ ಇರಲಿಲ್ಲ. ಇನ್‌ಡಿಸೈನಿನಲ್ಲಿ ಭಾರತೀಯ ಲಿಪಿಗಳಿಗೆ ಬೆಂಬಲ ಬರುವ ಹೊತ್ತಿಗೆ 2012 ಆಗಿತ್ತು. ನಡುವಿನ ವರ್ಷಗಳಲ್ಲಿ ಗಣಕಗಳಿಗೆ ಯೂನಿಕೋಡ್ ಕನ್ನಡ ಬಂದಿತ್ತು, 2001ರ ವಿಂಡೋಸ್ ಎಕ್ಸ್‌ಪಿಯೇ ಅದನ್ನು ತಂದಿತ್ತು. ನುಡಿ, ಬರಹಗಳೂ ಕ್ರಮೇಣ ಅದನ್ನು ಅಳವಡಿಸಿಕೊಂಡವು. ಪುಟಕಟ್ಟುವ ಸಾಧನ ಮಾತ್ರ ಹಿಂದೆಯೇ ನಿಂತದ್ದರಿಂದ ಕನ್ನಡದ ಪುಸ್ತಕಗಳು ಹಳೆಯ ಫಾಂಟುಗಳಲ್ಲೇ ಅಚ್ಚಾಗುತ್ತ ಹೋದವು. ಬದಲಾಗಲು ಒಲ್ಲದವರೆಂದು ಡಿಟಿಪಿ ನಿರ್ವಾಹಕರನ್ನು ದೂರುವವರು, ಬದಲಾಗುವ ದಾರಿಯೇ ಅವರಿಗೆ ದಶಕದ ಕಾಲ ಮುಚ್ಚಿತ್ತೆಂಬುದನ್ನು ನೆನೆಯಬೇಕು.

ಮುಕ್ತವಾದದ್ದೆಲ್ಲ ತಾನಾಗಿ ಬಾಳುತ್ತದೆಂಬ ನಂಬಿಕೆಯೂ ಸರಿಯಲ್ಲ. ಎಕ್ಸ್‌ಝಡ್ ಎಂಬ, ಕಡತಗಳನ್ನು ಕುಗ್ಗಿಸುವ ಸಣ್ಣ ತಂತ್ರಾಂಶ ಲಿನಕ್ಸ್ ಗಣಕಗಳಲ್ಲೆಲ್ಲ ಬಳಕೆಯಲ್ಲಿದ್ದರೂ ಅದರ ಹೊಣೆ ಬಹುಕಾಲ ಇದ್ದದ್ದು ಸಂಬಳವಿಲ್ಲದೆ ದುಡಿಯುತ್ತಿದ್ದ ಒಬ್ಬರ ಮೇಲೆ. ನೆರವಿನ ನೆಪದಲ್ಲಿ ಅವರ ವಿಶ್ವಾಸವನ್ನು ಗಳಿಸಿದ ಅಪರಿಚಿತನೊಬ್ಬ ಅದರೊಳಗೆ ಕಳ್ಳಬಾಗಿಲೊಂದನ್ನು ಸೇರಿಸಿದ್ದು 2024ರ ಮಾರ್ಚಿನಲ್ಲಿ ಬಯಲಾಯಿತು. ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯೆಂದು ಅನುಮಾನಗೊಂಡ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಅದನ್ನು ಪತ್ತೆಹಚ್ಚಿದರು. ಮೂಲರೂಪ ಎಲ್ಲರಿಗೂ ಲಭ್ಯವಿದ್ದದ್ದು ಅವರ ಹುಡುಕಾಟವನ್ನು ಸುಲಭಗೊಳಿಸಿತು. ಅದನ್ನು ಓದುವವರು ವಿರಳವಾಗಿದ್ದದ್ದೇ ಅಪಾಯಕ್ಕೆ ಎಡೆಮಾಡಿತ್ತು. ಕನ್ನಡದ ಮುಕ್ತ ಫಾಂಟುಗಳು, ಪದಪಟ್ಟಿಗಳು, ಅನುವಾದಗಳು ಬೆರಳೆಣಿಕೆಯ ಆಸಕ್ತರ ಬಿಡುವಿನ ವೇಳೆಯನ್ನು ನಂಬಿಕೊಂಡಿರುವಾಗ, ಅವರಿಗೆ ವೇತನವನ್ನೋ ಅನುದಾನವನ್ನೋ ಕೊಡುವುದು ವಿಶ್ವವಿದ್ಯಾಲಯಗಳ ಮತ್ತು ಸರ್ಕಾರದ ಕರ್ತವ್ಯವಾಗಬೇಕು.

ಯೂನಿಕೋಡ್ ಬಂದ ಮೇಲೂ ಉಳಿದಿರುವ ತೊಡಕುಗಳಲ್ಲಿ ಪಿಡಿಎಫ್ ದೊಡ್ಡದು. ಮುದ್ರಿತ ಪುಟ ಹೇಗೆ ಕಾಣಬೇಕೋ ಹಾಗೆಯೇ ಕಾಣಿಸಲೆಂದು ಹುಟ್ಟಿದ ಈ ರೂಪದಲ್ಲಿ ಅಕ್ಷರಗಳಿಗಿಂತ ಆಕಾರಗಳಿಗೆ ಪ್ರಾಧಾನ್ಯ. ಆಕಾರದಿಂದ ಅಕ್ಷರಕ್ಕೆ ಮರಳುವ ಮಾಹಿತಿಯನ್ನು ಪಿಡಿಎಫ್ ಸಿದ್ಧಪಡಿಸಿದ ತಂತ್ರಾಂಶ ಸರಿಯಾಗಿ ಸೇರಿಸಿರದಿದ್ದರೆ, ಕಣ್ಣಿಗೆ ಶುದ್ಧ ಕನ್ನಡವಾಗಿ ಕಾಣುವ ಆದೇಶವೊಂದರಿಂದ ಒಂದು ಸಾಲನ್ನು ನಕಲು ಮಾಡಿದರೂ ಒತ್ತುಗಳು ಚೆದುರಿದ, ಅರ್ಥವಾಗದ ಪಠ್ಯ ಬರುತ್ತದೆ. ಇನ್ನೊಂದು ತೊಡಕು ಕಣ್ಣಿಗೆ ಕಾಣದ ಚಿಹ್ನೆಗಳದು. ರಾಜ್‌ಕುಮಾರ್ ಎಂಬ ಹೆಸರಿನಲ್ಲಿ ಜಕಾರದ ಕೆಳಗೆ ಕಕಾರ ಒತ್ತಾಗದಂತೆ ತಡೆಯಲು 8204ನೆಯ ಸಂಖ್ಯೆಯ ಅದೃಶ್ಯ ಚಿಹ್ನೆಯೊಂದು ಬೇಕು. ರ‍್ಯಾಂಕ್ ಎಂಬಲ್ಲಿ ರಕಾರ ಅರ್ಕಾವತ್ತಾಗದಂತೆ ನೋಡಿಕೊಳ್ಳಲು 8205ನೆಯದು ಬೇಕು. ರಾಜ್‌ಕುಮಾರ್ ಹೆಸರನ್ನು ಒಬ್ಬ ಸಿಬ್ಬಂದಿ ಆ ಚಿಹ್ನೆ ಹಾಕಿ, ಇನ್ನೊಬ್ಬರು ಹಾಕದೆ ದಾಖಲಿಸಿದರೆ ಗಣಕದ ಕಣ್ಣಿನಲ್ಲಿ ಒಬ್ಬನೇ ವ್ಯಕ್ತಿ ಇಬ್ಬರಾಗುತ್ತಾನೆ.

ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಇಂದು ಹಲವಿವೆ, ಮುಕ್ತವಾದವೂ ಇವೆ. ಅವುಗಳ ಕೆಲಸ ಬರಿಯ ಸಂಖ್ಯೆಗೆ ಸಂಖ್ಯೆಯ ಬದಲಾವಣೆಯಲ್ಲ: ಹಳೆಯ ಕಡತದಲ್ಲಿ 'ಧರ್ಮ' ಎಂಬಲ್ಲಿ ಅರ್ಕಾವತ್ತು ಮಕಾರದ ನಂತರ ದಾಖಲಾಗಿರುವುದರಿಂದ ಅದನ್ನು ಎತ್ತಿ ಮಕಾರದ ಮೊದಲಿಗೆ ತರಬೇಕು, ವಕಾರ ಮತ್ತು ಕೊಂಬು ಕಂಡಲ್ಲೆಲ್ಲ ಮಕಾರವನ್ನು ಗುರುತಿಸಬೇಕು. ಬಳಸುವವರು ವಿಶೇಷವಾಗಿ ಎಚ್ಚರವಹಿಸಬೇಕಾದದ್ದು ನಡುವೆ ಬರುವ ಇಂಗ್ಲಿಷ್ ಪದಗಳ ವಿಷಯದಲ್ಲಿ. ಫಾಂಟಿನ ಮಾಹಿತಿ ಇಲ್ಲದ ಬರಿಯ ಪಠ್ಯದಲ್ಲಿ ಪಿ ಅಕ್ಷರ ನಿಜವಾದ ಪಿಯೋ ಕಕಾರದ ಒಡಲೋ ಎಂದು ಪರಿವರ್ತಕಕ್ಕೆ ತಿಳಿಯದೆ ಅದು ಇಂಗ್ಲಿಷನ್ನೂ ಕನ್ನಡದ ತುಂಡುಗಳಾಗಿ ಒಡೆದುಬಿಡುತ್ತದೆ. ಆದಕಾರಣ ಪರಿವರ್ತನೆಯನ್ನು ಮೂಲ ವರ್ಡ್ ಅಥವಾ ಪೇಜ್‌ಮೇಕರ್ ಕಡತ ಕೈಯಲ್ಲಿರುವಾಗಲೇ, ಮುದ್ರಿತ ಪ್ರತಿಯೊಂದಿಗೆ ಹೋಲಿಸಿ ನೋಡುವ ಒಬ್ಬರನ್ನು ಕೂರಿಸಿಕೊಂಡು ಮಾಡಬೇಕು. ಮೂಲ ಕಡತ ಕಳೆದುಹೋಗಿ ಪುಸ್ತಕ ಮಾತ್ರ ಉಳಿದಿದ್ದರೆ, ಪುಟಗಳನ್ನು ಸ್ಕ್ಯಾನ್ ಮಾಡಿ ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ಟೆಸರಾಕ್ಟ್‌ನಂಥ ಮುಕ್ತ ತಂತ್ರಾಂಶದ ಮೊರೆಹೋಗಬೇಕಾಗುತ್ತದೆ. ಅದು ಕನ್ನಡವನ್ನೂ ಓದಬಲ್ಲದು. ಆದರೆ ಒತ್ತಕ್ಷರಗಳನ್ನು ಅದು ತಪ್ಪಾಗಿ ಓದಿರುವ ಕಡೆಗಳನ್ನು ಕನ್ನಡ ಬಲ್ಲವರೇ ಸಾಲುಸಾಲಾಗಿ ನೋಡಿ ತಿದ್ದಬೇಕು.